ಎಲ್ಲ ಕಡೆ ಓಡುತ್ತದೆ, ಆನವಟ್ಟಿ ಒಂದು ಬಿಟ್ಟು

'ಕ್ರಾಸ್ ಪ್ಲಾಟ್‌ಫಾರ್ಮ್' ಎಂಬ ವಿದ್ಯೆಯನ್ನು ತಾವೇ ಕಂಡುಹಿಡಿದವರ ಹಾಗೆ ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಮಾತಾಡುವುದನ್ನು ಕೇಳಿದರೆ ಸೊರಬ, ಶಿಕಾರಿಪುರದವರಿಗೆ ನಗು ಬರುತ್ತದೆ. ಒಂದೇ ಸರಕು ಯಾವ ವೇದಿಕೆಯ ಮೇಲಿಟ್ಟರೂ ಓಡಬೇಕು, ಇಷ್ಟೇ ತಾನೆ ಅದರ ಸಾರ? ಸೊರಬ ತಾಲೂಕು ಕುಬಟೂರಿನ ಎಸ್. ಬಂಗಾರಪ್ಪನವರು ಶಿವಮೊಗ್ಗ ಲೋಕಸಭಾ ಕ್ಷೇತ್ರವನ್ನು 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದು ತೋರಿಸಿದ್ದಾರೆ. ನಾಲ್ಕು ಪ್ಲಾಟ್‌ಫಾರ್ಮು, ಒಂದೇ ಕೋಡು, ಒಂದಕ್ಷರದ ತಿದ್ದುಪಡಿ ಇಲ್ಲ. ಪಕ್ಕದ ಶಿಕಾರಿಪುರದಲ್ಲಿ ಯಡಿಯೂರಪ್ಪನವರು 2013ರಲ್ಲಿ ಬಿಜೆಪಿಯ ಕಮಲವನ್ನು ಅನ್‌ಇನ್‌ಸ್ಟಾಲ್ ಮಾಡಿ ತಮ್ಮದೇ ಹೊಸ ಪಕ್ಷದ ತೆಂಗಿನಕಾಯಿ ಹಾಕಿಕೊಂಡರು, ಗೆದ್ದರು. ಮರುವರ್ಷ ಹಳೆಯ ಆವೃತ್ತಿಗೇ ವಾಪಸಾಗಿ ಲೋಕಸಭೆಗೆ ನಿಂತರು, ಆಗಲೂ ಗೆದ್ದರು. ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಈ ಜೋಡಿ ತಾಲೂಕಿಗೆ ಪೋರ್ಟಬಿಲಿಟಿಯ ಪಾಠ ಹೇಳಲು ಹೊರಡುವವರು ಬಸ್ ಹತ್ತುವ ಮುನ್ನ ಸ್ವಲ್ಪ ಯೋಚಿಸಬೇಕು.

ಯೋಚಿಸುವ ಪ್ರಮೇಯವೇ ಬರುವುದಿಲ್ಲ ಬಿಡಿ. ಅವರು ಬಸ್ ಹತ್ತುವುದೇ ಇಲ್ಲ. ನನ್ನ ತಕರಾರು ಅದೇ.

ಆಸೆಯಲ್ಲಿ ತಪ್ಪಿಲ್ಲ. ವಿಂಡೋಸಿಗೊಂದು, ಮ್ಯಾಕಿಗೊಂದು, ಲಿನಕ್ಸಿಗೊಂದು, ಡೇರಿಯಲ್ಲಿ ಹಾಲು ಅಳೆಯುವ ಡಬ್ಬಿಗೆ ಮತ್ತೊಂದು ಅಂತ ಒಂದೇ ಪ್ರೋಗ್ರಾಮನ್ನು ನಾಲ್ಕು ಸಲ ಬರೆಯಲು ಯಾರಿಗೆ ಪುರುಸೊತ್ತಿದೆ? ಅದಕ್ಕೇ ನಾರ್ವೆಯ ಇಬ್ಬರು ಕೂಡಿ 1995ರಲ್ಲಿ 'ಕ್ಯೂಟಿ' ಎಂಬ ಸಲಕರಣೆಪೆಟ್ಟಿಗೆ ಹೊರತಂದರು. ಅದೇ ವರ್ಷ ಜಾವಾ ಬಂತು. 'ಒಮ್ಮೆ ಬರೆಯಿರಿ, ಎಲ್ಲೆಡೆ ಓಡಿಸಿ' ಎಂದು ಡಂಗುರ ಹೊಡೆಯಿತು. ಬರೆದು ನೋಡಿದವರು 'ಒಮ್ಮೆ ಬರೆಯಿರಿ, ಎಲ್ಲೆಡೆ ತಿದ್ದಿರಿ' ಎಂದು ಅದನ್ನು ಸರಿಪಡಿಸಿಕೊಂಡರು. 2013ರಲ್ಲಿ ಎಲೆಕ್ಟ್ರಾನ್, 2018ರ ಕೊನೆಗೆ ಫ್ಲಟರಿನ ಮೊದಲ ಸ್ಥಿರ ಆವೃತ್ತಿ. ಪುಟ್ಟ ಚಿಪ್ಪುಗಳಿಗೆಂದೇ ಹಂಗೇರಿಯಲ್ಲಿ ಹುಟ್ಟಿದ ಎಲ್‌ವಿಜಿಎಲ್ ಇದೆ. ಹತ್ತಾರು ಕಿಲೋಬೈಟ್ ಮೆಮೊರಿ ಕೊಟ್ಟರೂ ಪರದೆಯ ಮೇಲೆ ಬಟನ್ನು, ಮೀಟರು ಬಿಡಿಸಿಕೊಡುತ್ತದೆ. ಸಲಕರಣೆಗಳಿಗೆ ಬರವಿಲ್ಲ. ಇವೆಲ್ಲದರ ಬೆಂಬಲಿತ ವೇದಿಕೆಗಳ ಪಟ್ಟಿಯನ್ನು ತೆಗೆದು ಓದಿ ನೋಡಿ. ಆಷಾಢದ ಮಳೆಯಲ್ಲಿ ದಿನಕ್ಕೆ ಐದು ಸಲ ಹೋಗುವ ಕರೆಂಟು, ಅಡಿಕೆ ಸುಲಿದು ಒಡೆದ ಬೆರಳು, ಕಿಟಕಿಯಿಂದ ನೇರ ಪರದೆಗೆ ಹೊಡೆಯುವ ಬಿಸಿಲು, ಚಂದ್ರಗುತ್ತಿ ಕಡೆಯ ಕಾಡಂಚಿನ ಅರ್ಧ ಗೆರೆ ನೆಟ್‌ವರ್ಕು, ಇವು ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ಪ್ರೋಗ್ರಾಮು ಓಡಬೇಕಾದದ್ದು ಇವುಗಳ ಮೇಲೆ. ವಿಂಡೋಸು ಲಿನಕ್ಸುಗಳು ಅದಕ್ಕೆ ಹಾಸಿದ ಚಾಪೆ ಮಾತ್ರ.

ಪರದೆಯಿಂದಲೇ ಶುರು ಮಾಡೋಣ. ಬರೆಯುವವರ ಮಾನಿಟರು ಇಪ್ಪತ್ತೇಳು ಇಂಚು. ಎಷ್ಟು ದೊಡ್ಡ ಅರ್ಜಿ ನಮೂನೆ ಬಿಡಿಸಿದರೂ ಅದರಲ್ಲಿ ಇನ್ನೂ ಅರ್ಧ ಎಕರೆ ಬಗರ್‌ಹುಕುಂ ಜಾಗ ಉಳಿದಿರುತ್ತದೆ. ಅದೇ ನಮೂನೆ ಈ ಕಡೆಯ ಕೌಂಟರಿಗೆ ಬಂದಾಗ ಪರದೆ 1366 x 768. ಸಾಲದ್ದಕ್ಕೆ ಅಕ್ಷರ ಕಾಣಲಿ ಎಂದು ಯಾರೋ ವಿಂಡೋಸಿನ ಅಳತೆಯನ್ನು ಶೇ 125ಕ್ಕೆ ಏರಿಸಿದ್ದಾರೆ. ತಳದಲ್ಲಿದ್ದ 'ಸಲ್ಲಿಸಿ' ಬಟನ್ನು ಟಾಸ್ಕ್‌ಬಾರಿನ ಅಡಿಗೆ ಹೋಗಿ ಭೂಗತವಾಗುತ್ತದೆ. ಸ್ಕ್ರೋಲ್ ಮಾಡೋಣವೆಂದರೆ ಪಟ್ಟಿಯೇ ಇಲ್ಲ. ಇಂಥ ಒಂದು ಕೌಂಟರಿನ ಮುಂದೆ ನಿಂತು ನೋಡಿ, ಕೂತ ಹುಡುಗಿಗೆ ಗಾಬರಿಯೇ ಇಲ್ಲ. ಕೊನೆಯ ಖಾನೆ ತುಂಬಿಸಿ, ಟ್ಯಾಬ್ ಕೀಲಿಯನ್ನು ಟಕ್ ಟಕ್ ಎಂದು ಎರಡು ಸಲ ಒತ್ತಿ, ಕಾಣದ ಬಟನ್ನಿನ ಮೇಲೆ ಭಾರ ಹಾಕಿ ಎಂಟರ್ ಹೊಡೆಯುತ್ತಾಳೆ.

"ಎರಡು ಟ್ಯಾಬು ಸರ್. ಮೂರು ಹೊಡದ್ರೆ ಕ್ಯಾನ್ಸಲ್ ಆಕ್ಕೈತಿ. ಹೊಸದಾಗಿ ಸೇರಿದವ್ರಿಗೆ ಮೊದ್ಲು ಇದನ್ನೇ ಹೇಳಿಕೊಡೋದು."

ಇದು ಆ ತಂತ್ರಾಂಶದ ಯಾವ ಕೈಪಿಡಿಯಲ್ಲೂ ಇಲ್ಲದ, ಆದರೆ ಅದನ್ನು ನಿಜವಾಗಿ ನಡೆಸುತ್ತಿರುವ ತಂತ್ರಜ್ಞಾನ. ಇದಕ್ಕೆ ಮದ್ದು ದಶಕಗಳಿಂದ ಇದೆ: ಬಟನ್ನನ್ನು 'ಎಡದಿಂದ 640, ಮೇಲಿನಿಂದ 812' ಎಂದು ಮೊಳೆ ಹೊಡೆದು ಕೂರಿಸಬೇಡಿ, ಲೇಔಟಿನ ಸುಪರ್ದಿಗೆ ಬಿಡಿ. ಪರದೆ ಚಿಕ್ಕದಾದರೆ ಅದು ಖಾನೆಗಳನ್ನು ತಾನೇ ಒತ್ತರಿಸುತ್ತದೆ, ಸ್ಕ್ರೋಲ್ ಆಗುವ ಚೌಕಟ್ಟಿನೊಳಗೆ ಇಟ್ಟಿದ್ದರೆ, ಹಿಡಿಸದಾಗ ಪಟ್ಟಿಯೂ ಬರುತ್ತದೆ. ಕ್ಯೂಟಿ, ಜಿಟಿಕೆ, ಡಬ್ಲ್ಯೂಎಕ್ಸ್‌ವಿಡ್ಜೆಟ್ಸ್, ಯಾವುದನ್ನು ಹಿಡಿದರೂ ಈ ಸೌಲಭ್ಯ ಉಂಟು. ಸರಿಯಾಯಿತೇ ಎಂದು ನೋಡಲು ಬೇಕಾದದ್ದು ಒಂದೇ ಒಂದು ಹಳೆಯ ಹದಿನೈದು ಇಂಚಿನ ಮಾನಿಟರು. ಅದನ್ನು ಕಂಪನಿಯವರು ಎಂದೋ ಗುಜರಿಗೆ ಹಾಕಿದ್ದಾರೆ.

ಇನ್ನು ಅಕ್ಷರ. ಸೊರಬ, ಶಿಕಾರಿಪುರ. ನೋಡಿ, ಎರಡು ಹೆಸರಿನಲ್ಲೂ ಒಂದು ಒತ್ತಕ್ಷರ ಇಲ್ಲ. ಕನ್ನಡ ಡೆಮೊಗೆ ಇಷ್ಟು ಹೇಳಿಮಾಡಿಸಿದ ಊರುಗಳು ರಾಜ್ಯದಲ್ಲಿ ಬೇರೆ ಸಿಗಲಾರವು. ಕಾಗುಣಿತದವರೆಗೆ ಹೇಗೋ ತೇಪೆ ಹಾಕಿಕೊಂಡ ಯಂತ್ರ ಇವೆರಡನ್ನೂ ಲಕ್ಷಣವಾಗಿ ತೋರಿಸುತ್ತದೆ. ಅಧಿಕಾರಿಗಳು ಚಪ್ಪಾಳೆ ತಟ್ಟುತ್ತಾರೆ, ಬಿಲ್ಲು ಪಾಸಾಗುತ್ತದೆ. ಆಮೇಲೆ ಯಂತ್ರ ಹೋಬಳಿಗಿಳಿಯುತ್ತದೆ. ಆನವಟ್‌ಟಿ. ಚಂದ್‌ರಗುತ್‌ತಿ. ಶಿರಾಳಕೊಪ್‌ಪ. ಅಲ್ಲಮಪ್ರಭುವಿನ ಬಳ್ಳಿಗಾವಿ ಬಳ್‌ಳಿಗಾವಿಯಾಗಿ ಕಾಲು ಮುರಿದುಕೊಂಡು ನಿಲ್ಲುತ್ತದೆ.

ಆಗುವುದಿಷ್ಟು. 'ಟ್ಟಿ' ನಮಗೆ ಒಂದಕ್ಷರ. ಯುನಿಕೋಡಿನ ಹೊಟ್ಟೆಯಲ್ಲಿ ಅದು ಟ, ಹಲಂತ, ಇನ್ನೊಂದು ಟ, ಇಕಾರ ಎಂದು ನಾಲ್ಕು ತುಂಡು. ಗುಡಿಸು ಮೇಲಿನ ಟಕ್ಕೆ, ಒತ್ತು ಅದರ ಅಡಿಗೆ ಎಂದು ಜೋಡಿಸಿ ಕೊಡುವವನು ಬೇರೆಯೇ ಒಬ್ಬ ಬೇಕು. ಡೆಸ್ಕ್‌ಟಾಪಿನಲ್ಲಿ ಆ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಬಿಟ್ಟಿ ಲೈಬ್ರರಿ ಇದೆ, ಕ್ಯೂಟಿಯೊಳಗೂ ಅದೇ ಕೂತಿದೆ. ಚಿಕ್ಕ ಯಂತ್ರಗಳಲ್ಲಿ ಜಾಗ ಉಳಿಸಲು ಮೊದಲು ಕಿತ್ತೊಗೆಯುವುದೂ ಅದನ್ನೇ, ಏಕೆಂದರೆ ಇಂಗ್ಲಿಷಿಗೆ ಅದರ ಹಂಗಿಲ್ಲ. ಫಾಂಟನ್ನಾದರೂ ಪ್ರೋಗ್ರಾಮಿನ ಜೊತೆಗೇ ಕಟ್ಟಿ ಕಳಿಸುತ್ತಾರೆಯೇ? ನೋಟೋ ಸಾನ್ಸ್ ಕನ್ನಡ ಪುಕ್ಕಟೆ ಸಿಗುತ್ತದೆ, ಹಂಚಲು ಯಾರ ಅಪ್ಪಣೆಯೂ ಬೇಡ. ಆದರೂ 'ಅಲ್ಲಿನ ಮೆಷಿನ್ನಿನಲ್ಲಿ ಇದ್ದೇ ಇರುತ್ತೆ' ಎಂಬ ಭರವಸೆಯ ಮೇಲೆ ಕಳಿಸುತ್ತಾರೆ. ಅಲ್ಲಿ ಖಾಲಿ ಚೌಕಗಳ ಸಾಲು ತಲೆ ಎತ್ತುತ್ತದೆ. ಫಾಂಟೂ ಇದ್ದು ಜೋಡಿಸುವವನೂ ಇದ್ದರೆ ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಕತ್ತರಿಸಿರುತ್ತಾರೆ. ಒತ್ತುಗಳೆಲ್ಲ ಗೆರೆಯ ಕೆಳಗೆ ಮುಳುಗಿ 'ಸ್ತ್ರೀ' ಎಂದಿದ್ದದ್ದು 'ಸೀ' ಆಗುತ್ತದೆ. ಪಟ್ಟಿಯ ತುಂಬ ಸೀ, ಪು, ಸೀ, ಪು.

ಶಿರಾಳಕೊಪ್ಪದ ಪಕ್ಕದ ತಾಳಗುಂದದಲ್ಲಿ ಪುರಾತತ್ವ ಇಲಾಖೆ 2013ರ ಸುಮಾರಿಗೆ ಅಗೆದಾಗ ಸಿಂಹಕಟಾಂಜನದ, ಅಂದರೆ ಮೆಟ್ಟಿಲ ಬದಿಯ ಸಿಂಹದ ಕಟಾಂಜನದ, ಮೇಲಿನ ಬರಹ ಸಿಕ್ಕಿತು. ಕ್ರಿ.ಶ. 370ರದ್ದೆಂದೂ, ಹಲ್ಮಿಡಿ ಶಾಸನಕ್ಕಿಂತ ಹಳೆಯದೆಂದೂ ಹೇಳುತ್ತಾರೆ. ಅದನ್ನು ಕೆತ್ತಿದವನಿಗೆ ಒತ್ತಕ್ಷರ ಎಲ್ಲಿ ಕೂರಬೇಕೆಂಬ ಬಗ್ಗೆ ಯಾವ ಗೊಂದಲವೂ ಇದ್ದಂತಿಲ್ಲ. ಅವನಿಗೆ ಡೆಡ್‌ಲೈನ್ ಇರಲಿಲ್ಲ ಎನ್ನುವವರಿಗೆ, ಕದಂಬರ ಕಾಲದಲ್ಲಿ ಡೆಡ್‌ಲೈನ್ ತಪ್ಪಿದರೆ ಏನಾಗುತ್ತಿತ್ತೆಂದು ಊಹಿಸುವ ಕೆಲಸ ಬಿಟ್ಟಿದ್ದೇನೆ.

ಬಟನ್ನುಗಳ ಮೇಲಿನ ಕನ್ನಡವೂ ಒಂದು ಸೊಗಸು. ಇಂಗ್ಲಿಷಿನಲ್ಲಿ ನಾಲ್ಕಕ್ಷರಕ್ಕೆ ಕತ್ತರಿಸಿದ ಡಬ್ಬಿಯೊಳಗೆ 'ಮುಂದುವರಿಸಿ'ಯನ್ನು ತುರುಕಿದರೆ ಹೊರಗೆ ಕಾಣುವುದು 'ಮುಂದು'. ಅದಕ್ಕಿಂತ ಭಯಂಕರವಾದದ್ದು 'ಉಳಿಸಿ' ಮತ್ತು 'ಅಳಿಸಿ'. ಒಂದೇ ಅಳತೆ, ಒಂದೇ ಬಣ್ಣ, ಅಕ್ಕಪಕ್ಕ, ವ್ಯತ್ಯಾಸ ಮೊದಲ ಅಕ್ಷರದ್ದು ಮಾತ್ರ. ಕನ್ನಡಕ ಮರೆತು ಬಂದ ಗುಮಾಸ್ತರ ಕೈಯಲ್ಲಿ ಒಂದು ಮನೆತನದ ಚರಿತ್ರೆ ಉ ಮತ್ತು ಅಗಳ ನಡುವೆ ತೂಗಾಡುತ್ತದೆ. ಅಳಿಸುವ ಬಟನ್ನನ್ನು ದೂರದಲ್ಲಿಡಿ, ಕೆಂಪು ಮಾಡಿ, 'ಹೌದಾ?' ಎಂದು ಒಮ್ಮೆ ಕೇಳಿ. ಇದಕ್ಕೆ ನಾರ್ವೆಯಿಂದ ಯಾರೂ ಬರಬೇಕಾಗಿಲ್ಲ.

ಈಗ ಕರುನಾಡಿನ ರಾಷ್ಟ್ರೀಯ ವಾಕ್ಯಕ್ಕೆ ಬರೋಣ: "ಸರ್ವರ್ ಇಲ್ರೀ." ಆಸ್ಪತ್ರೆ, ಬ್ಯಾಂಕು, ಸೊಸೈಟಿ, ನ್ಯಾಯಬೆಲೆ ಅಂಗಡಿ, ಎಲ್ಲಿಗೆ ಹೋದರೂ ಇದೇ ಮಂಗಳಾರತಿ. ಸರ್ವರ್ ಎಂದರೆ ಬೆಂಗಳೂರಿನಲ್ಲಿರುವ ಯಾವುದೋ ದೇವರು, ಅವನಿಗೆ ಆಗಾಗ ಮುನಿಸು ಎಂದು ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ಹತ್ತರಲ್ಲಿ ಕೆಲವು ಸಲ ದೇವರು ನಿಜವಾಗಿ ಮಲಗಿರಲೂಬಹುದು. ಉಳಿದಂತೆ ನಡೆಯುವ ಕಥೆ ಬೇರೆ. ಪರದೆಯನ್ನು ಬಿಡಿಸುವುದಕ್ಕೆ, ಬೆರಳೊತ್ತಿದ್ದನ್ನು ಕೇಳಿಸಿಕೊಳ್ಳುವುದಕ್ಕೆ ಪ್ರೋಗ್ರಾಮಿನಲ್ಲಿ ಒಂದೇ ಎಳೆ ಇರುತ್ತದೆ. ಬರೆದ ಮಹಾಶಯ ಆ ಎಳೆಯನ್ನೇ 'ಹೋಗಿ ಬೆಂಗಳೂರಿನಿಂದ ಮಾಹಿತಿ ತಾ' ಎಂದು ಅಟ್ಟಿರುತ್ತಾನೆ. ಅವನ ಮೇಜಿನಲ್ಲಿ ಅದು ಕಣ್ಣು ಮಿಟುಕಿಸುವುದರೊಳಗೆ ಹೋಗಿ ಬಂತು. ಇಲ್ಲಿ ಅರ್ಧ ಗೆರೆಯ ನೆಟ್‌ವರ್ಕಿನಲ್ಲಿ ನಲವತ್ತು ಸೆಕೆಂಡು ಬೇಕು. ಅಷ್ಟೂ ಹೊತ್ತು ಕೌಂಟರಿನಲ್ಲಿ ಆಳಿಲ್ಲ. ಪರದೆ ಬಿಳುಚಿಕೊಳ್ಳುತ್ತದೆ, ತಲೆಪಟ್ಟಿಯ ಮೇಲೆ 'ನಾಟ್ ರೆಸ್ಪಾಂಡಿಂಗ್' ಬರುತ್ತದೆ. ಕಾದು ಬೇಸತ್ತ ಆಪರೇಟರು ಮುದ್ರಿಸುವ ಬಟನ್ನನ್ನು ಏಳು ಸಲ ಕುಟ್ಟುತ್ತಾನೆ. ಆ ಏಳೂ ಕುಟ್ಟು ಸಾಲಿನಲ್ಲಿ ಶಿಸ್ತಾಗಿ ನಿಂತಿರುತ್ತವೆ. ಆಳು ಬೆಂಗಳೂರಿನಿಂದ ವಾಪಸಾದ ತಕ್ಷಣ ಏಳು ರಸೀದಿ ಸರಸರನೆ ಹೊರಬರುತ್ತವೆ.

"ಒಂದೇ ಚೀಲಕ್ಕೆ ಏಳು ರಸೀದಿ ಯಾಕಣ್ಣ?"

"ಸರ್ವರ್ ಬಂತು ಅಜ್ಜ, ಜೋರಾಗಿ ಬಂತು."

ದೂರದ ಕೆಲಸಕ್ಕೆ ಬೇರೆ ಎಳೆಯನ್ನು ಕಳಿಸಿ. ಅದು ಹೊರಟ ಕೂಡಲೇ ಬಟನ್ನನ್ನು ಮಂಕು ಮಾಡಿ. ಕೆಲಸ ಮುಗಿದಾಗ ಅದು ಸುದ್ದಿ ಮುಟ್ಟಿಸಲಿ. ಕ್ಯೂಟಿಯವರು ಸಿಗ್ನಲ್-ಸ್ಲಾಟ್ ಎಂಬ ಏರ್ಪಾಟನ್ನು ಇಂಥದ್ದಕ್ಕೂ ಕೊಟ್ಟಿದ್ದಾರೆ. ಪರದೆಯನ್ನು ಮಾತ್ರ ಮೂಲ ಎಳೆಯ ಹೊರತು ಮತ್ಯಾರೂ ಮುಟ್ಟಕೂಡದು. ನೆಟ್‌ವರ್ಕೇ ಇಲ್ಲವೆಂದರೆ ಮಾಹಿತಿಯನ್ನು ಇಲ್ಲೇ ಬರೆದಿಟ್ಟುಕೊಂಡು ಸಂಜೆ ಕಳಿಸಲಿ. ಮೊದಲ ವರ್ಷದ ಹುಡುಗರಿಗೆ ಹೇಳಿಕೊಡುವ ಪಾಠ ಇದು. ಆದರೆ 'ಸರ್ವರ್ ಇಲ್ಲ' ಎಂದು ಜನರೇ ಉತ್ತರವನ್ನು ತಯಾರು ಮಾಡಿಕೊಂಡಿರುವಾಗ ಪಾಠ ಯಾರಿಗೆ ಬೇಕು?

ಕರೆಂಟಿನ ವಿಷಯದಲ್ಲಿ ನಮ್ಮ ತಂತ್ರಾಂಶ ವೀರರ ಶ್ರದ್ಧೆ ಅಪಾರ. ವಿದ್ಯುತ್ತು ಶಾಶ್ವತ, ಯುಪಿಎಸ್ ಅಮರ. ಡೇರಿಯಲ್ಲಿ ಬೆಳಗಿನ ಆರೂವರೆಗೆ ಕ್ಯಾನಿನ ಸಾಲು ನಿಂತಿದೆ. ತೂಕ ಬಂತು, ಫ್ಯಾಟ್ ಬಂತು, ಎಸ್‌ಎನ್‌ಎಫ್ ಬಂತು, ಯಂತ್ರ ಫೈಲನ್ನು ತೆರೆದು ಹಳೆಯದನ್ನು ಒರೆಸಿ ಹೊಸದನ್ನು ಬರೆಯತೊಡಗಿತು. ಅದೇ ಗಳಿಗೆಗೆ ಎಲ್ಲೋ ಒಂದು ಮಾವಿನ ಟೊಂಗೆ ತಂತಿಯ ಮೇಲೆ ಬಿತ್ತು. ಲೈನು ಬಂದಾಗ ಫೈಲು ಸೊನ್ನೆ ಬೈಟು. ಹಾಲು ಟ್ಯಾಂಕರಿನಲ್ಲಿದೆ, ಲೆಕ್ಕ ಪರಮಾತ್ಮನಲ್ಲಿದೆ. ಬರೆಯುವುದನ್ನು ಮೊದಲು ಬೇರೊಂದು ಫೈಲಿಗೆ ಬರೆದು, ಡಿಸ್ಕಿಗೆ ಇಳಿಯಿತೆಂದು ಖಾತ್ರಿ ಮಾಡಿಕೊಂಡು, ಕಡೆಗೆ ಹೆಸರು ಬದಲಿಸಿದರೆ ಹಳೆಯ ಲೆಕ್ಕವಾದರೂ ಉಳಿಯುತ್ತದೆ, ಇಲ್ಲವೇ ಹೊಸದಾದರೂ ಇರುತ್ತದೆ. ಕ್ಯೂಟಿಯಲ್ಲಿ 'ಕ್ಯೂಸೇವ್‌ಫೈಲ್' ಎಂದು ಸಿದ್ಧವಸ್ತುವೇ ಇದೆ, 2013ರಿಂದ. ಪುಟ್ಟ ಯಂತ್ರವಾದರೆ ಅದರ ಮೂಲ ವ್ಯವಸ್ಥೆ ಇರುವ ಭಾಗವನ್ನು ಓದಲು ಮಾತ್ರ ಎಂದು ಬೀಗ ಹಾಕಿಡಬೇಕು. ಆಗ ಕರೆಂಟು ಹೋದರೂ ಮೆಮೊರಿ ಕಾರ್ಡಿನಲ್ಲಿರುವ ವ್ಯವಸ್ಥೆ ಕೆಡುವುದಿಲ್ಲ. ಕಂಪನಿಯಲ್ಲಿ ಇದನ್ನು ಪರೀಕ್ಷೆ ಮಾಡುವ ಯಂತ್ರದ ಬೆಲೆ ಸೊನ್ನೆ ರೂಪಾಯಿ: ಪ್ಲಗ್ಗನ್ನು ಕೀಳುವುದು. ಹವಾನಿಯಂತ್ರಿತ ಕೋಣೆಯಲ್ಲಿ ಪ್ಲಗ್ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ ಎಂಬುದು ಬೇರೆ ಮಾತು.

ಬೆರಳಿನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಅದು ಎಲ್ಲರಿಗೂ ಗೊತ್ತಿದೆ. ಒದ್ದೆ ಬೆರಳನ್ನು ಕೆಪಾಸಿಟಿವ್ ಪರದೆ ಗುರುತಿಸುವುದಿಲ್ಲ ಅಥವಾ ಒಂದನ್ನು ಮೂರು ಎಂದು ಗುರುತಿಸುತ್ತದೆ. ಹಾಲಿನ ಕೈ, ಶುಂಠಿಯ ಮಣ್ಣಿನ ಕೈ, ಅಡಿಕೆ ಚೊಗರು ಹಿಡಿದ ಕೈ ಇರುವ ಊರಿಗೆ ಒತ್ತಿದರೆ ಕೆಲಸ ಮಾಡುವ ಹಳೆಯ ರೆಸಿಸ್ಟಿವ್ ಪರದೆಯೋ ನಾಲ್ಕು ರಬ್ಬರ್ ಗುಂಡಿಯೋ ಸಾಕು. ಮುಟ್ಟುವ ಬಟನ್ನು ಕನಿಷ್ಠ 9 ಮಿಲಿಮೀಟರ್ ಇರಲಿ ಎಂದು ಆಂಡ್ರಾಯ್ಡಿನವರೇ ಹೇಳಿದ್ದಾರೆ. ನಮ್ಮವರು ಅದನ್ನು ಸಾಸಿವೆಯಷ್ಟು ಮಾಡಿ 'ಮಿನಿಮಲ್ ಡಿಸೈನ್' ಎಂದು ಹೆಸರಿಡುತ್ತಾರೆ. ತೆಳು ಬೂದಿ ಅಕ್ಷರ, ಬಿಳಿ ಹಿನ್ನೆಲೆ. ಬಿಸಿಲಿಗೆ ಹಿಡಿದರೆ ಬಟನ್ನೂ ಇಲ್ಲ, ಅಕ್ಷರವೂ ಇಲ್ಲ, ಕನಿಷ್ಠದ ಗುರಿ ಸಂಪೂರ್ಣ ಸಾಧನೆಯಾಯಿತು.

ಎಲೆಕ್ಟ್ರಾನಿನ ಬಗ್ಗೆ ಒಂದೇ ಮಾತು. ಒಂದು ಲೋಟ ಹಾಲಿಗೆಂದು ಪ್ರತಿ ಮನೆಗೂ ಎಮ್ಮೆಯನ್ನೇ ಹೊತ್ತು ತಂದು ಕಟ್ಟುವ ಪದ್ಧತಿ ಅದು: ಎರಡು ಖಾನೆಯ ರಸೀದಿ ಪ್ರೋಗ್ರಾಮಿನ ಒಳಗೂ ಇಡೀ ಕ್ರೋಮಿಯಂ ಬ್ರೌಸರು ಮಲಗಿರುತ್ತದೆ. 4 ಜಿಬಿ ಮೆಮೊರಿಯ ಸರ್ಕಾರಿ ಕಂಪ್ಯೂಟರಿನಲ್ಲಿ ಇಂಥ ಮೂರನ್ನು ಕಟ್ಟಿದರೆ ಕೊಟ್ಟಿಗೆಯಲ್ಲಿ ಮನುಷ್ಯರಿಗೆ ಜಾಗವಿಲ್ಲ. ಎಲ್ಲರಿಗೂ ವೆಬ್ ಬರುತ್ತದೆ, ಬೇಗ ಮುಗಿಯುತ್ತದೆ ಎಂಬ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಬರೆಯುವವರಿಗೆ ಉಳಿದ ಸಮಯವನ್ನು ಕಾಯುವವರು ಸಾಲಿನಲ್ಲಿ ನಿಂತು ಭರಿಸುತ್ತಾರೆ, ಅಷ್ಟೇ.

ಹಾಗಂತ ಕನ್ನಡ ನಾಡಿಗೆ ಇದು ಬಾರದ ವಿದ್ಯೆಯೆಂದಲ್ಲ. 'ಭೂಮಿ' ಯೋಜನೆಯಲ್ಲಿ ರಾಜ್ಯದ 177 ತಾಲೂಕುಗಳ ಪಹಣಿಯನ್ನು ಗಣಕಕ್ಕೆ ಏರಿಸಿ, 15 ರೂಪಾಯಿಗೆ ಮುದ್ರಿಸಿ ಕೊಡತೊಡಗಿದಾಗ, ಕೌಂಟರಿನಲ್ಲಿ ಎರಡನೆಯದೊಂದು ಮಾನಿಟರನ್ನು ರೈತನ ಕಡೆಗೆ ತಿರುಗಿಸಿ ಇಟ್ಟಿದ್ದರು. ತನ್ನ ಸರ್ವೆ ನಂಬರಿನ ಮುಂದೆ ಒಳಗಿನವನು ಏನು ಕುಟ್ಟುತ್ತಿದ್ದಾನೆ ಎಂದು ಹೊರಗಿನವನು ನೋಡಬಹುದಿತ್ತು. ಇಪ್ಪತ್ತು ವರ್ಷಕ್ಕೂ ಹಿಂದಿನ ಆ ಒಂದು ಮಾನಿಟರಿನ ಮುಂದೆ ಇವತ್ತಿನ ಎಷ್ಟೋ 'ಬಳಕೆದಾರ ಅನುಭವ' ಕಾರ್ಯಾಗಾರಗಳು ಸಪ್ಪೆ. ಈಗ ನೀವು ಹೋಗುವ ಕೌಂಟರುಗಳಲ್ಲಿ ಪರದೆ ಯಾವ ಕಡೆಗೆ ಮುಖ ಮಾಡಿದೆ, ನೀವೇ ನೋಡಿಕೊಳ್ಳಿ.

ಶಿರಾಳಕೊಪ್ಪದ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಮುಂದೆ ಇರುವ ಯುಪಿಐ ಡಬ್ಬಿಯನ್ನೂ ನೋಡಿ. ದುಡ್ಡು ಬಂತು ಎಂದು ಕನ್ನಡದಲ್ಲಿ ಕೂಗಿ ಹೇಳುತ್ತದೆ. ಲೇಔಟಿನ ತಂಟೆಯಿಲ್ಲ, ಒತ್ತಕ್ಷರ ಕೆಳಗೆ ಬೀಳುವ ಭಯವಿಲ್ಲ. ಗ್ರಾಫಿಕಲ್ ತಂತ್ರಾಂಶದ ಪಂಡಿತರಿಗೆ ಇದಕ್ಕಿಂತ ದೊಡ್ಡ ಅವಮಾನ ಯಾವುದು? ಆ ಸಂತೆಯಲ್ಲಿ ಜನ ನಂಬುವ ಯಂತ್ರಕ್ಕೆ ನೋಡುವಂಥ ಪರದೆಯೇ ಬೇಕಾಗಿಲ್ಲ.

ಇನ್ನೊಂದು ಯಂತ್ರವಿದೆ. ಅದರ ಬಗ್ಗೆ ಇಂಜಿನಿಯರುಗಳು ಮಾತಾಡುವುದು ಕಡಿಮೆ, ರಾಜಕಾರಣಿಗಳು ಮಾತಾಡುವುದು ಜಾಸ್ತಿ, ಅದೂ ಸೋತಾಗ. ಮತಯಂತ್ರ. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಬ್ಯಾಟರಿಯ ಮೇಲೆ ಓಡುತ್ತದೆ, ಕರೆಂಟಿನ ಹಂಗಿಲ್ಲ. ನೆಟ್‌ವರ್ಕು ಇಲ್ಲ, ಆದ್ದರಿಂದ 'ಸರ್ವರ್ ಇಲ್ರೀ' ಎನ್ನುವ ಹಾಗಿಲ್ಲ. ನೀಲಿ ಗುಂಡಿ, ಎಂಥ ಬೆರಳಿಗೂ ಸಿಗುವಷ್ಟು ದೊಡ್ಡದು. ಒತ್ತಿದರೆ ಕೆಂಪು ದೀಪ, ಬೀಪ್ ಸದ್ದು, ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ 7 ಸೆಕೆಂಡು ಚೀಟಿ. ಕಣ್ಣಿಲ್ಲದವರಿಗೆ ಗುಂಡಿಯ ಬದಿಗೆ ಬ್ರೈಲ್ ಅಂಕಿ. ಹೆಸರುಗಳನ್ನು ಕಾಗದದ ಮೇಲೆ ಅಚ್ಚು ಹಾಕಿ ಕೂರಿಸಿರುವುದರಿಂದ ಬಂಗಾರಪ್ಪನವರ ಪಕಾರದ ಒತ್ತೂ ಯಡಿಯೂರಪ್ಪನವರ ಪಕಾರದ ಒತ್ತೂ ಒಂದು ದಿನವೂ ಜಾರಿ ಬಿದ್ದದ್ದಿಲ್ಲ. ಏಳು ಸಲ ಕುಟ್ಟಿದರೂ ಒಂದೇ ಓಟು.

ಅದು ಒಂದೇ ಕೆಲಸದ ಯಂತ್ರ, ಪಹಣಿ ಪಡಿತರಗಳ ಜಂಜಾಟಕ್ಕೂ ಅದಕ್ಕೂ ಹೋಲಿಕೆ ಸಲ್ಲದು ಎಂದು ಯಾರಾದರೂ ಹೇಳುತ್ತಾರೆ. ಒಪ್ಪಿದೆ. ಆದರೆ ಇಡುವುದು ಅದೇ ಸೋರುವ ಶಾಲೆಯ ಕೋಣೆಯಲ್ಲಿ, ಒತ್ತುವುದು ಅದೇ ಒಡೆದ ಬೆರಳಿನಲ್ಲಿ, ಮಾಡುವುದು ಅದೇ ಬೆಂಗಳೂರಿನಲ್ಲಿ. ನಮ್ಮಿಂದ ಅವರಿಗೆ ಏನಾದರೂ ಬೇಕಾದಾಗ ಯಂತ್ರ ಆನವಟ್ಟಿಯಲ್ಲೂ ಓಡುತ್ತದೆ. ಅವರಿಂದ ನಮಗೆ ಏನಾದರೂ ಬೇಕಾದಾಗ ಮಾತ್ರ ಎರಡು ಟ್ಯಾಬು ಒತ್ತಿ ಎಂಟರ್ ಹೊಡೆಯಬೇಕು.

ಟೆಂಡರ್ ಬರೆಯುವ ಸಾಹೇಬರಲ್ಲಿ ಒಂದು ಅರಿಕೆ. ನಲವತ್ತು ಪುಟದ ಷರತ್ತುಗಳ ನಡುವೆ ಇಷ್ಟನ್ನು ಸೇರಿಸಿ: ಒಪ್ಪಿಗೆ ಪರೀಕ್ಷೆ ಜುಲೈ ತಿಂಗಳಲ್ಲಿ, ಸೊರಬ ತಾಲೂಕಿನ ಯಾವುದಾದರೂ ಹೋಬಳಿಯಲ್ಲಿ, ಅಲ್ಲಿನ ಹಳೆಯ ಕಂಪ್ಯೂಟರಿನ ಮೇಲೆ, ಅಲ್ಲಿನ ಆಪರೇಟರ ಕೈಯಲ್ಲಿ ನಡೆಯಬೇಕು, ನಡುವೆ ಮೂರು ಸಲ ಪ್ಲಗ್ ಕೀಳಲಾಗುವುದು, ಬರೆದವರು ಸಾಲಿನಲ್ಲಿ ನಿಂತಿರಬೇಕು. ಪಾಸಾದರೆ ಬಿಲ್ಲು ಕೊಡಿ. ಇಲ್ಲದಿದ್ದರೆ ಬಸ್ ಚಾರ್ಜು ಕೊಟ್ಟು ವಾಪಸ್ ಕಳಿಸಿ.